ಹೂಂಗುಡುವ ವಾಟರ್ ಪಂಪು

ಕಾರಿನ ವಾಟರ್ ಪಂಪು ಬದಲಿಸಿದ ಕೂಲಿ ಇನ್ನೂ ಬಾಕಿ ಇದೆ. ಪೂರ್ತಿ ಕೂಲಿಯಲ್ಲ, ಒಂಬತ್ತು ಬೋಲ್ಟುಗಳಲ್ಲಿ ಒಂದನ್ನು ಬಿಗಿದ ಕೂಲಿ. ಕೊಡಬೇಕಾದವನು ಅಳಿಯ. ಅದರಲ್ಲಿ ತಕರಾರಿಲ್ಲ. ತೆಗೆದುಕೊಳ್ಳಬೇಕಾದವರು ಮಾತ್ರ ಕೈ ಚಾಚುತ್ತಿಲ್ಲ.

ಅಳಿಯ ಎಂದರೆ ಆ ಮನೆಯ ಒಬ್ಬಳೇ ಮಗಳ ಗಂಡ. ಕೆಲಸ ತೂಕ ಮತ್ತು ಅಳತೆ ಇಲಾಖೆಯಲ್ಲಿ. ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಬಟ್ಟೆ ಅಳೆಯುವ ಕೋಲು, ಎಲ್ಲವನ್ನೂ ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಒತ್ತುವುದು. ಮನೆಗೆ ಬಂದರೂ ಆ ಚಟ ಬಿಟ್ಟಿರಲಿಲ್ಲ. ಹಾಸಿಗೆಯಲ್ಲಿ ತನ್ನ ಪಾಲೆಷ್ಟು, ಹೆಂಡತಿಯ ಪಾಲೆಷ್ಟು ಎಂದು ಟೇಪು ಹಿಡಿದವನು ಅವನು. "ನಮ್ಮಮ್ಮನಿಗೆ ಸಿಕ್ಕಿದ್ದು ಅಳಿಯ ಅಲ್ಲ, ಅಳೆಯ" ಎಂದು ಹೆಂಡತಿ ಹೇಳುತ್ತಿದ್ದಳು.

ಕಾರು ಮಾವನದು. ಮಾವ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಬಲಗೈ ತೋರುಬೆರಳಿನ ತುದಿಯ ಗೆಣ್ಣನ್ನು ಒಂದು ಫ್ಯಾನ್ ಬೆಲ್ಟು ತಿಂದುಹಾಕಿತ್ತು. ಬೆರಳು ಹೋದ ದಿನ ಡಿಪೋದವರು ಬ್ಯಾಂಡೇಜು ಕೊಟ್ಟು ಅರ್ಧ ದಿನದ ಸಂಬಳ ಕತ್ತರಿಸಿದರು. ಮಾವ ಹನ್ನೊಂದು ದಿನ ಗೇಟಿನ ಮುಂದೆ ಕೂತು ಆ ಅರ್ಧ ದಿನವನ್ನು ವಸೂಲಿ ಮಾಡಿಕೊಂಡೇ ಎದ್ದರು. ಕೂತಷ್ಟು ದಿನವೂ ಘೋಷಣೆ ಕೂಗಿದವರು ಬೇರೆಯವರು. ಮಾವ ಕೂಗುವ ಪೈಕಿ ಅಲ್ಲ. ಅವರ ಬಾಯಲ್ಲಿ ಇದ್ದದ್ದು ಎರಡೇ ಮಾತು. ಒಪ್ಪಿಗೆಯಾದರೆ ಹೂಂ, ಇಲ್ಲವಾದರೆ ಊಹೂಂ. ಮದುವೆಗೆ ಹೂಂ. ವರ್ಗಾವಣೆಗೆ ಊಹೂಂ. ಉಪ್ಪು ಸಾಕಾ ಎಂದರೆ ಹೂಂ. ಅಳಿಯನನ್ನು ಮೊದಲ ಸಲ ತೋರಿಸಿದಾಗ, ಬಹಳ ಹೊತ್ತು ನೋಡಿ, ಯಾವುದೆಂದು ಸ್ಪಷ್ಟವಾಗದ ಒಂದು ಸದ್ದು. ಅದು ಹೂಂ ಎಂದು ಹೆಂಡತಿ ಹೇಳಿದಳು. ಅಳಿಯ ಇನ್ನೂ ನಂಬಿಲ್ಲ.

ಆದರೆ ಹೂಂ ಅಂದರೆ ಅಂದದ್ದೇ, ಮಾವ ಅದರಿಂದ ಹಿಂದೆ ಸರಿದವರಲ್ಲ. ಒಂದೇ ಒಂದು ಹೂಂ ಬಾಕಿ ಉಳಿದುಹೋಯಿತು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. "ಆಪರೇಷನ್‌ಗೆ ನೀವೇ ಕಾರಲ್ಲಿ ಕರ್ಕೊಂಡು ಹೋಗ್ತೀರಾ?" ಎಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿದರು. ಮಾವ "ಹೂಂ" ಎಂದರು. ಊಟ ಮುಗಿಸಿ ಕೈ ತೊಳೆಯಲು ಎದ್ದವರು ನಲ್ಲಿಯ ಹತ್ತಿರವೇ ಕುಸಿದು ಕೂತರು. ಮತ್ತೆ ಏಳಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಕಾರು ಹೂಂ ಅನ್ನತೊಡಗಿತು.

ಮೊದಲು ಕೇಳಿಸಿಕೊಂಡವಳು ಹೆಂಡತಿ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವೂ ಆ ಕಾರಿನಲ್ಲೇ ಓಡಾಟ. ಒಂದು ಸಂಜೆ ಗೇಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ, "ಅಯ್ಯೋ, ಸೋಪು ತರಲಿಲ್ಲ, ವಾಪಸ್ ಹೋಗ್ಲಾ?" ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಬಾನೆಟ್ಟಿನ ಒಳಗಿನಿಂದ, ಗಂಟಲ ತಳದಿಂದ ಬಂದಂತೆ, ಒಂದು "ಹೂಂ" ಬಂತು. ಅವಳು ಸೋಪು ತಂದು, ಮನೆಗೆ ಬಂದು, ಗೋಡೆಗೆ ಒರಗಿ ಕೂತಳು.

"ಯಾಕೇ, ಮುಖ ಬಿಳುಚಿಕೊಂಡಿದೆ?" ಎಂದ ಅಳಿಯ.

"ಅಪ್ಪ ಹೂಂ ಅಂದ್ರು."

"ಯಾವ ಅಪ್ಪ?"

"ನನಗೆ ಎಷ್ಟು ಜನ ಅಪ್ಪಂದಿರು ಇದ್ದಾರ್ರೀ?"

ಅಳಿಯ ನಕ್ಕ. ನಕ್ಕವನನ್ನು ಹೆಂಡತಿ ರಟ್ಟೆ ಹಿಡಿದು ಕರೆದೊಯ್ದು ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದಳು. ಇಂಜಿನ್ ನಿಧಾನಕ್ಕೆ ಓಡಿದರೆ ಹೂಂ. ಆಕ್ಸಿಲರೇಟರ್ ಒತ್ತಿ ಬಿಟ್ಟರೆ, ಸದ್ದು ಮೇಲೆ ಹೋಗಿ ಕೆಳಗಿಳಿದು, ಊಹೂಂ. ಮಾವನ ದನಿಯಲ್ಲಿದ್ದ ಆ ಸಣ್ಣ ಕಫದ ಗೊರಗೊರ ಕೂಡ ಹಾಗೆಯೇ. ಅಳಿಯನ ತೋಳಿನ ಕೂದಲು ಎದ್ದು ನಿಂತವು. ಎಷ್ಟು ಮಿಲಿಮೀಟರ್ ಎದ್ದವು ಎಂದು ಅಳೆಯಲು ಆ ಹೊತ್ತಿಗೆ ಅವನಿಗೆ ತೋಚಲಿಲ್ಲ.

ಮರುದಿನದಿಂದ ಅತ್ತೆ ಸಂಜೆಯಾದರೆ ತಡವಿಕೊಂಡು ಶೆಡ್ಡಿಗೆ ಬಂದು ಮುಂದಿನ ಸೀಟಿನಲ್ಲಿ ಕೂರುವ ರೂಢಿ ಮಾಡಿಕೊಂಡರು. "ಐದು ನಿಮಿಷ ಇಂಜಿನ್ ಆಫ್ ಮಾಡಬೇಡ" ಎಂದು ಮಗಳಿಗೆ ಹೇಳಿ, ಅದು ಇದು ಕೇಳುವುದು.

"ಕಾಲು ನೋವು ಹೋಯ್ತಾ?"

"ಹೂಂ."

"ಅಳಿಯಂದ್ರು ದಪ್ಪ ಆಗಿದ್ದಾರಾ? ನನಗೆ ಸರಿಯಾಗಿ ಕಾಣಲ್ಲ."

"ಹೂಂ."

ಅಳಿಯ ಕಿಟಕಿಯಿಂದ ಇದನ್ನು ಕೇಳಿಸಿಕೊಂಡು ಹೊಟ್ಟೆ ಒಳಕ್ಕೆಳೆದುಕೊಂಡ.

ಬೀದಿಯ ಮೂಲೆಯಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ಒಂದು ಕಡ್ಡಿ ಕಿವಿಗಿಟ್ಟು ಆಲಿಸಿದ. "ದೆವ್ವ ಅಲ್ಲ, ಏನೂ ಅಲ್ಲ. ವಾಟರ್ ಪಂಪಿನ ಬೇರಿಂಗ್ ಹೋಗಿದೆ. ನೋಡಿ, ನೀರೂ ಸೋರ್ತಿದೆ. ಹೀಗೇ ಓಡಿಸಿದ್ರೆ ಇಂಜಿನ್ ಬೆಂದು ಹೋಗತ್ತೆ. ಪಂಪ್ ನೀವೇ ತಂದ್ರೂ ಸರಿ, ಕೂಲಿ ಇಷ್ಟು" ಎಂದು ಬೆರಳು ಮಡಿಸಿ ತೋರಿಸಿದ.

"ಒಂಬತ್ತು ಬೋಲ್ಟು, ಒಂದು ಬೆಲ್ಟು. ಇಷ್ಟಕ್ಕೆ ಇಷ್ಟಾ?" ಎಂದ ಅಳಿಯ.

ಮೆಕ್ಯಾನಿಕ್ ಕೈ ಒರೆಸಿಕೊಂಡ, ಹೋದ.

ಅದೇ ವಾರ ಆಸ್ಪತ್ರೆಯಿಂದ ಕಾಗದ ಬಂತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಬಲಗಣ್ಣಿನ ಆಪರೇಷನ್. ತಪ್ಪಿದರೆ ಮುಂದಿನ ಸರದಿ ಐದು ತಿಂಗಳ ಮೇಲೆ, ಮತ್ತು ಆ ಕಣ್ಣು ಅಷ್ಟು ದಿನ ಕಾಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ಬಾಡಿಗೆ ಕಾರು ಮಾಡೋಣ ಎಂದಳು ಮಗಳು. ಅತ್ತೆ ಒಪ್ಪಲಿಲ್ಲ.

"ಅವರು ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಮೊನ್ನೆ ಇನ್ನೊಂದು ಸಲ ಕೇಳಿದೆ. ಹೂಂ ಅಂದ್ರು. ಹೋದ್ರೆ ಇದರಲ್ಲೇ ಹೋಗ್ತೀನಿ. ಇಲ್ಲಾಂದ್ರೆ ಕಣ್ಣು ಹೋದ್ರೆ ಹೋಗ್ಲಿ."

ಹಟಕ್ಕೆ ಬಿದ್ದರೆ ಅತ್ತೆ ಗಂಡನಿಗಿಂತ ಒಂದು ಕೈ ಮೇಲು. ಹನ್ನೊಂದು ದಿನ ಗೇಟಿಗೆ ಊಟ ಹೊತ್ತವರು ಅವರೇ.

ಶನಿವಾರ ಅಳಿಯ ಹೊಸ ಪಂಪು ಕೊಂಡು ತಂದು, ಊಟದ ತಟ್ಟೆಯ ಮುಂದೆ ಎದ್ದು ನಿಂತು ಪ್ರತಿಜ್ಞೆ ಮಾಡಿದ. "ಕೇಳಿ. ನಾಳೆ ಈ ಪಂಪನ್ನು ನಾನೇ ಬದಲಿಸ್ತೀನಿ. ಹದಿನೆಂಟು ವರ್ಷ ಜಗತ್ತಿನ ಅಳತೆ ಸರಿ ಮಾಡಿದವನಿಗೆ ಒಂದು ಪಂಪು ಯಾವ ಲೆಕ್ಕ? ನನ್ನನ್ನು ಬಿಟ್ಟು ಬೇರೆ ಯಾರಾದರೂ ಅದಕ್ಕೆ ಒಂದೇ ಒಂದು ಬೋಲ್ಟು ಬಿಗಿದರೂ ಅವರಿಗೆ ದುಪ್ಪಟ್ಟು ಕೂಲಿ ಕೊಡ್ತೀನಿ. ಬರೆದಿಟ್ಟುಕೊಳ್ಳಿ."

ಹೆಂಡತಿ ಕ್ಯಾಲೆಂಡರಿನ ಮೇಲೆ ನಿಜವಾಗಿಯೂ ಬರೆದಿಟ್ಟಳು. "ಅಮ್ಮ, ನೀನು ಸಾಕ್ಷಿ."

"ನನಗೆ ಓದೋಕೆ ಕಾಣಲ್ಲ. ಕೇಳಿಸಿಕೊಂಡಿದ್ದೀನಿ" ಎಂದರು ಅತ್ತೆ.

"ಇನ್ನೊಂದು ಮಾತು. ನಾನು ಕೆಲಸ ಮಾಡುವಾಗ ಯಾರೂ ಮಾತಾಡಬಾರದು. ಏಕಾಗ್ರತೆ ಹೋಗತ್ತೆ."

"ನಿಮ್ಮ ಜೊತೆ ಮಾತಾಡೋಕೆ ಯಾರು ಸಾಯ್ತಿದ್ದಾರೆ?" ಎಂದಳು ಹೆಂಡತಿ.

ಅತ್ತೆ ಕೇಳಿದರು. "ಹಳೇ ಪಂಪು ಏನು ಮಾಡ್ತೀರಿ ಅಳಿಯಂದ್ರೇ?"

"ಗುಜರಿಗೆ."

ಅತ್ತೆ ತಟ್ಟೆಯಲ್ಲಿದ್ದದ್ದನ್ನು ಬೆರಳಲ್ಲಿ ಅತ್ತಿಂದಿತ್ತ ಸರಿಸುತ್ತ ಕೂತರು.

ಭಾನುವಾರ ಎಂಟು ಗಂಟೆಗೆ ಅಳಿಯ ದಂಡಯಾತ್ರೆಗೆ ಹೊರಟ ಅರಸನಂತೆ ಶೆಡ್ಡಿಗೆ ದಯಮಾಡಿಸಿದ. ಒಂದು ಕೈಯಲ್ಲಿ ಮಾವನ ಸ್ಪ್ಯಾನರ್ ಪೆಟ್ಟಿಗೆ, ಇನ್ನೊಂದರಲ್ಲಿ ಸ್ಕೇಲು. ಬಾನೆಟ್ ಎತ್ತಿ ನಿಲ್ಲಿಸಿದ. ಬ್ಯಾಟರಿಯ ತಂತಿ ಬಿಚ್ಚಿದ. ರೇಡಿಯೇಟರಿನ ನೀರು ಬಕೆಟ್ಟಿಗೆ ಬಸಿದ. ಕೊನೆಯ ಹನಿ ಇಳಿಯುವಾಗ ಒಳಗಿನಿಂದ ಉದ್ದನೆಯ ನಿಟ್ಟುಸಿರು ಬಂತು. ಅಳಿಯನ ಕೈ ನಿಂತಿತು. ಗಾಳಿ, ಬರೀ ಗಾಳಿ ಎಂದು ಗಟ್ಟಿಯಾಗಿ ಹೇಳಿಕೊಂಡು ಮುಂದುವರಿದ.

ಬೆಲ್ಟು ಕಳಚಿ, ಪಂಪಿನ ಮುಂದಿದ್ದ ಚಕ್ರ ತೆಗೆದ ಮೇಲೆ ಬೋಲ್ಟುಗಳು ಕಂಡವು. ಪ್ರತಿಯೊಂದರ ತಲೆಯ ಮೇಲೂ ಮಾಸಿದ ಕೆಂಪು ಚುಕ್ಕೆ. ಅದು ಮಾವನ ಪದ್ಧತಿ. ಬೋಲ್ಟು ಪೂರ್ತಿ ಬಿಗಿಯಾಯಿತು ಎಂದು ಖಾತ್ರಿಯಾದ ಮೇಲೆ, ಮೋಟು ಬೆರಳಿಗೆ ಮಗಳ ನೈಲ್ ಪಾಲಿಶ್ ಹಚ್ಚಿಕೊಂಡು ಅದರ ಮೇಲೆ ಒತ್ತುವುದು. ಚುಕ್ಕೆ ಇಲ್ಲದ ಬೋಲ್ಟು ಇರುವ ಬಸ್ಸನ್ನು ಅವರು ಡಿಪೋದ ಗೇಟು ದಾಟಲು ಬಿಟ್ಟವರಲ್ಲ. ಸಾಮಾನ್ಯವಾಗಿ ಬೆರಳು ಒತ್ತಿದರೆ ಗೆರೆಗಳು ಮೂಡುತ್ತವೆ. ಮಾವನ ಚುಕ್ಕೆಯಲ್ಲಿ ಗೆರೆ ಇರಲಿಲ್ಲ, ನುಣ್ಣಗಿತ್ತು. ಗೆರೆಗಳಿದ್ದ ತುದಿ ಬೆಲ್ಟಿನ ಪಾಲಾಗಿತ್ತಲ್ಲ.

"ಮುದ್ರೆ ಒತ್ತೋದು ನಮ್ಮ ಇಲಾಖೆ ಕೆಲಸ ಮಾವ" ಎಂದು ಅಳಿಯ ಹಲ್ಲು ಕಿರಿದ.

ಒಂಬತ್ತನ್ನೂ ಬಿಚ್ಚಿದ. ಎಂಟು ಸುಲಭಕ್ಕೆ ಬಂದವು. ಒಂಬತ್ತನೆಯದು ಕಬ್ಬಿಣದ ಒಂದು ಪಟ್ಟಿಯ ಹಿಂದೆ, ಬೆರಳು ತೂರುವುದೇ ಕಷ್ಟ ಎಂಬಂಥ ಸಂದಿಯಲ್ಲಿತ್ತು. ಕೆಳಗೆ ಮಲಗಿ, ಸ್ಪ್ಯಾನರಿಗೆ ಉದ್ದನೆಯ ಸರಳು ಸೇರಿಸಿ ತಿರುವಿದಾಗ ತಾನಾಗಿಯೇ ಕಳಚಿ ಅವನ ಹಣೆಯ ಮೇಲೆ ಬಿತ್ತು. ಪಂಪನ್ನು ಕಿತ್ತು ಹೊರಗಿಟ್ಟ. ನಂತರ ತನ್ನ ಜಾಣ್ಮೆಯ ಕೆಲಸಕ್ಕೆ ಕೈ ಹಾಕಿದ. ಒಂದು ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಯಾವ ತೂತಿನ ಬೋಲ್ಟು ಯಾವುದೆಂದು ಅದದೇ ಜಾಗಕ್ಕೆ ಚುಚ್ಚಿ, ಪಕ್ಕದಲ್ಲಿ ಅಂಕಿ ಬರೆದ. ಅಂಕಿ ಬರೆದರೆ ಅವನು ಕನ್ನಡದಲ್ಲೇ ಬರೆಯುವುದು. ಅದು ಅವನ ಅಭಿಮಾನ. ಬಳಿಕ ಒಂದೊಂದನ್ನೇ ತೆಗೆದು, ಪೆಟ್ರೋಲಿನಲ್ಲಿ ಅದ್ದಿ, ಮರಳು ಕಾಗದದಿಂದ ತಿಕ್ಕಿ ತಿಕ್ಕಿ, ಕೆಂಪು ಚುಕ್ಕೆಗಳನ್ನೆಲ್ಲ ಅಳಿಸಿ ಮತ್ತೆ ರಟ್ಟಿಗೆ ಚುಚ್ಚಿದ.

ಕೊನೆಯ ಚುಕ್ಕೆ ಅಳಿಸಿದಾಗ ಶೆಡ್ಡಿನ ತಗಡು ಒಮ್ಮೆ ಟಪ್ಪೆಂದಿತು. ಬಿಸಿಲಿಗೆ ತಗಡು ಹಿಗ್ಗುತ್ತದೆ, ಸದ್ದು ಮಾಡುತ್ತದೆ. ಅದನ್ನೂ ಅಳಿಯ ಗಟ್ಟಿಯಾಗಿಯೇ ಹೇಳಿಕೊಂಡ.

ಆಗ ಮಟಮಟ ಮಧ್ಯಾಹ್ನ. ಹೆಂಡತಿ ರೇಡಿಯೇಟರಿಗೆ ಹಾಕುವ ದ್ರವ ತರಲು ಪೇಟೆಯ ಪೆಟ್ರೋಲ್ ಬಂಕಿಗೆ ಹೋಗಿದ್ದಳು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾಯಿ ಕೂಡ ಬೊಗಳುತ್ತಿರಲಿಲ್ಲ. ಬಿಸಿಲು ಎಷ್ಟು ಬಿಳಿಯಾಗಿತ್ತೆಂದರೆ ಯಾವುದಕ್ಕೂ ನೆರಳೇ ಇರಲಿಲ್ಲ, ಅಳಿಯನಿಗೂ. ಅಂಥ ಹೊತ್ತಿನಲ್ಲಿ ಒಬ್ಬನೇ ಇದ್ದರೆ ಬೆನ್ನ ಹಿಂದೆ ಯಾರೋ ನಿಂತು ಕತ್ತು ಚಾಚಿ ತನ್ನ ಕೆಲಸ ನೋಡುತ್ತಿರುವಂತೆ ಅನ್ನಿಸುತ್ತದೆ. ಅಳಿಯನಿಗೂ ಅನ್ನಿಸಿತು. ತಿರುಗಿ ನೋಡಿದರೆ ಯಾರೂ ಇಲ್ಲ.

ಹೊಸ ಪಂಪು ಕೂರಿಸಿದ. ಐದು ಬೋಲ್ಟು ಕೈಯಲ್ಲೇ ತಿರುವಿದ. ಆರನೆಯದಕ್ಕೆ ಕೈ ಹಾಕಿದ. ಇಲ್ಲಿ ಅಭಿಮಾನ ಕೈ ಕೊಟ್ಟಿತು. ಕನ್ನಡದ ೬ಕ್ಕೂ ೯ಕ್ಕೂ ಬಾಲದ ತುದಿಯಲ್ಲಷ್ಟೇ ವ್ಯತ್ಯಾಸ. ಆ ಬಾಲಗಳೆರಡನ್ನೂ ಗ್ರೀಸು ನುಂಗಿತ್ತು. ಬೆವರು ಕಣ್ಣಿಗಿಳಿದು, ರಟ್ಟು ಮೇಲು ಕೆಳಗಾಗಿ, ಒಂಬತ್ತರ ಉದ್ದನೆಯ ಬೋಲ್ಟನ್ನು ಆರರ ಗಿಡ್ಡ ತೂತಿಗೆ ಇಟ್ಟು ಸ್ಪ್ಯಾನರಿನಿಂದ ಒಂದು ಸುತ್ತು ತಿರುವಿದ. ಲೋಹ ಕಿರುಗುಟ್ಟಿತು.

"ಊಹೂಂ."

ಅಳಿಯನ ಕೈಯಿಂದ ಸ್ಪ್ಯಾನರ್ ಬಿತ್ತು. ಇಂಜಿನ್ ಆಫ್ ಆಗಿದೆ. ಬ್ಯಾಟರಿಯ ತಂತಿ ಕಳಚಿದೆ. ಹಳೇ ಪಂಪು ಕಾಲ ಹತ್ತಿರ ನೆಲದ ಮೇಲೆ, ಬಾಯಿ ತೆರೆದುಕೊಂಡು ಬಿದ್ದಿದೆ. ಊಹೂಂ ಅಂದದ್ದು ಯಾರು? ಅವನು ಹಳೇ ಪಂಪನ್ನು ಕಾಲಿನಿಂದ ಮೆಲ್ಲಗೆ ದೂರ ತಳ್ಳಿದ. ಒಂದಕ್ಕೆ ಅವಸರವಾಯಿತು. ವಾಟರ್ ಪಂಪಿನ ಕೆಲಸವೇ ನೀರು ಇಳಿಸುವುದು ಏರಿಸುವುದು, ಇಂಜಿನ್ನಿನದೋ ಮನುಷ್ಯನದೋ ಎಂದು ಅದು ನೋಡುವುದಿಲ್ಲ.

ಬೋಲ್ಟು ವಾಪಸ್ ತೆಗೆದ. ಅಳತೆ ಹಿಡಿದ. ತಪ್ಪು ತಿಳಿಯಿತು. ಸರಿಯಾದದ್ದನ್ನು ಆರಕ್ಕೆ ಹಾಕಿದ. ಕಿವಿ ನಿಮಿರಿಸಿ ನಿಂತ. ಈ ಸಲ, ಬಹಳ ಮೆಲ್ಲಗೆ, "ಹೂಂ."

ಓಡಿಬಿಡಬೇಕು ಅನ್ನಿಸಿತು. ಆದರೆ ಕ್ಯಾಲೆಂಡರಿನ ಮೇಲೆ ಬರೆದದ್ದು ನೆನಪಾಯಿತು. ಏಳು, ಎಂಟು ಮುಗಿದವು. ಉಳಿದದ್ದು ಒಂಬತ್ತು. ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಪಟ್ಟಿಯ ಹಿಂದಿನ ಸಂದಿಗೆ ತೂರಿಸಲು ನೋಡಿದ. ಮುಂಗೈವರೆಗೆ ಹೋಯಿತು. ಮುಂದೆ ಅವನ ತೋಳು ಮರದ ದಿಮ್ಮಿಯಂತೆ ಸಿಕ್ಕಿಕೊಂಡಿತು. ಕಿತ್ತುಕೊಳ್ಳುವ ಭರಾಟೆಯಲ್ಲಿ ಬೋಲ್ಟು ಬೆರಳಿನಿಂದ ಜಾರಿತು. ಟಿಣ್. ಸ್ವಲ್ಪ ಕೆಳಗೆ ಇನ್ನೊಂದು ಟಿಣ್. ಅಳಿಯ ಮೂರನೆಯದಕ್ಕೆ, ನೆಲಕ್ಕೆ ಬೀಳುವ ಸದ್ದಿಗೆ, ಕಾದ.

ಬರಲಿಲ್ಲ.

ಟಾರ್ಚಿನ ಬೆಳಕು ಬಿಟ್ಟು ಹುಡುಕಿದ. ಅಯಸ್ಕಾಂತ ಇಳಿಬಿಟ್ಟ. ನೆಲ ಗುಡಿಸಿದ. ಕಾರನ್ನು ಅಲ್ಲಾಡಿಸಿದ. ನಡುವೆ ಯಾರೋ ಕೈ ಚಾಚಿ ಹಿಡಿದುಕೊಂಡರೋ ಎಂಬಂತೆ ಆ ಬೋಲ್ಟು ಮಾಯವಾಗಿತ್ತು. ಬೋಲ್ಟು ಸಿಗುವ ಅಂಗಡಿಗಳು ಭಾನುವಾರ ಮಧ್ಯಾಹ್ನದ ಮೇಲೆ ತೆರೆಯುವುದಿಲ್ಲ. ಒಂದು ಬೋಲ್ಟು ಕಡಿಮೆಯಾದರೆ ನೀರು ಸೋರುತ್ತದೆ, ಅರ್ಧ ದಾರಿಯಲ್ಲಿ ಇಂಜಿನ್ ಬೇಯುತ್ತದೆ. ಅತ್ತೆಯ ಕಣ್ಣು ಹೋಗುತ್ತದೆ. ಕಾರಣ ಕೇಳಿದರೆ ಏನು ಹೇಳುವುದು? ಆರಕ್ಕೂ ಒಂಬತ್ತಕ್ಕೂ ಬಾಲ ಇರಲಿಲ್ಲ ಎನ್ನುವುದೇ?

ಅಳಿಯ ಎಂಟು ಬೋಲ್ಟುಗಳನ್ನು ಸಡಿಲವಾಗಿ ಹಾಗೆಯೇ ಬಿಟ್ಟು ಒಳಗೆ ಹೋದ. ನೆಲದ ಮೇಲೆ ಬೋರಲು ಬಿದ್ದುಕೊಂಡ. ಅಷ್ಟು ದೊಡ್ಡ ಚಿಂತೆಯಲ್ಲೂ ಅವನಿಗೆ ನಿದ್ದೆ ಬಂತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗೊರಕೆ ಬೀದಿಗೆ ಕೇಳಿಸುತ್ತಿತ್ತಂತೆ.

ಎದ್ದಾಗ ನಾಲ್ಕು ಗಂಟೆ. ಹೆಂಡತಿ ಅದೇ ತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. ಅಳಿಯ ಅವಳ ಮುಖ ನೋಡಲಾರದೆ ಶೆಡ್ಡಿಗೆ ಹೋದ. ಬಗ್ಗಿ ನೋಡಿದ.

ಎಂಟು ಬೋಲ್ಟುಗಳೂ ಬಿಗಿಯಾಗಿ ಕೂತಿದ್ದವು. ಒಂದೊಂದರ ತಲೆಯ ಮೇಲೂ ಕೆಂಪು ಚುಕ್ಕೆ. ಮುಟ್ಟಿ ನೋಡಿದ. ಬೆರಳಿಗೆ ಹಸಿ ಕೆಂಪು ಅಂಟಿತು.

ಅವನ ಗಂಟಲಿನಿಂದ ಹೊರಟ ಸದ್ದಿಗೆ ಯಾವ ಇಲಾಖೆಯಲ್ಲೂ ಅಳತೆ ಇಲ್ಲ. ಒಳಗೆ ಓಡಿ ಹೆಂಡತಿಯ ಮುಂದೆ ಬೆರಳು ಹಿಡಿದ. "ನಿಮ್ಮಪ್ಪ. ಶೆಡ್ಡಲ್ಲಿ. ರಕ್ತ."

ಹೆಂಡತಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು. "ದಿನಕ್ಕೆ ಇನ್ನೂರು ಜನರ ರಕ್ತ ನೋಡ್ತೀನಿ. ಇದು ನೈಲ್ ಪಾಲಿಶ್. ಅದೂ ನನ್ನದೇ." ಆಮೇಲೆ ತಿರುಗಿ ಕರೆದಳು. "ಅಮ್ಮ, ಕೈ ತೋರಿಸು."

ಅತ್ತೆ ಕುರ್ಚಿಯಲ್ಲಿ ಕೂತವರು ಬಲಗೈ ಎತ್ತಿ ತೋರಿಸಿದರು. ತೋರುಬೆರಳ ತುದಿ ಕೆಂಪಗಿತ್ತು.

"ನೀವಾ?" ಎಂದ ಅಳಿಯ. "ನಿಮಗೆ ಕಣ್ಣು ಕಾಣಲ್ಲ."

"ಮೂವತ್ತೊಂದು ವರ್ಷ ಅವರಿಗೆ ಟಾರ್ಚು ಹಿಡಿದಿದ್ದು ಯಾರು ಅಂದ್ಕೊಂಡ್ರಿ ಅಳಿಯಂದ್ರೇ? ಡಿಪೋದಿಂದ ಬಂದ ಮೇಲೆ ಈ ಬೀದಿಯ ಗಾಡಿಗಳನ್ನೆಲ್ಲ ಅವರು ರಿಪೇರಿ ಮಾಡ್ತಿದ್ರು, ನಾನು ಪಕ್ಕದಲ್ಲಿ. ಕೊನೆ ಕೊನೆಗೆ ಅವರಿಗೆ ಸೊಂಟ ಹಿಡಿದಾಗ ಬಿಗಿ ಮಾಡ್ತಿದ್ದವಳೇ ನಾನು. ಬೋಲ್ಟು ಬಿಗಿಯೋಕೆ ಕಣ್ಣು ಯಾಕೆ ಬೇಕು? ಕೈಗೆ ಗೊತ್ತಾಗತ್ತೆ."

"ಹಾಗಾದ್ರೆ ಊಹೂಂ ಅಂದಿದ್ದು?"

"ನಾನೇ. ಮುಂದಿನ ಸೀಟಲ್ಲಿ ಕೂತಿದ್ದೆ. ಬಾನೆಟ್ ಎತ್ತಿತ್ತಲ್ಲ, ನಿಮಗೆ ಕಾಣಲಿಲ್ಲ. ತೂತಿನ ತಳಕ್ಕೆ ಬೋಲ್ಟು ಗುದ್ದೋ ಸದ್ದು ಬಂತು. ಏನು ಮಾಡ್ಲಿ, ಮಾತಾಡಬಾರದು ಅಂದಿದ್ರಿ. ಊಹೂಂ ಅನ್ನೋದು ಮಾತಲ್ವಲ್ಲ."

ಹೆಂಡತಿ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಳಿಯನ ಮಾನ ಹೋಯಿತು, ಆದರೆ ಎದೆ ಹಗುರವಾಯಿತು. ಮಾನ ಹೋದರೂ ಪರವಾಗಿಲ್ಲ, ಮಾವ ಬಂದಿಲ್ಲವಲ್ಲ.

"ಆಯ್ತು ಅತ್ತೆ, ಒಪ್ಪಿದೆ. ದುಪ್ಪಟ್ಟು ಕೂಲಿ ನಿಮಗೇ. ಒಂಬತ್ತೂ ಬೋಲ್ಟಿಂದು."

"ಒಂಬತ್ತಲ್ಲ. ಎಂಟು."

"ಅಂದ್ರೆ?"

"ಒಂಬತ್ತನೇ ತೂತು ಖಾಲಿ ಇತ್ತು. ಬೆರಳಿಟ್ಟು ನೋಡಿದೆ. ಬೋಲ್ಟಿಗೆ ನೆಲವೆಲ್ಲ ತಡಕಿದೆ, ಸಿಗಲಿಲ್ಲ. ಸಿಕ್ಕಿದ್ರೂ ಅದು ನನ್ನ ಕೈಗೆ ಆಗಲ್ಲ. ಆ ಸಂದೀಲಿ ಪೂರಾ ಇರೋ ಬೆರಳು ಮಡಚೋಕೆ ಬರಲ್ಲ. ಅದನ್ನ ಯಾವಾಗಲೂ ಅವರೇ ಹಾಕ್ತಿದ್ದದ್ದು, ಆ ಮೋಟು ಬೆರಳಲ್ಲಿ. ಯಾಕೆ, ಎದ್ದ ಮೇಲೆ ನೀವು ಹಾಕ್ತೀರಿ ಅಂದ್ಕೊಂಡಿದ್ದೆ."

ಮೂವರೂ ಶೆಡ್ಡಿಗೆ ಹೋದರು. ಒಂಬತ್ತನೆಯ ತೂತು ನೇರವಾಗಿ ಕಾಣುವಂಥದ್ದಲ್ಲ. ಹೆಂಡತಿ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಪಟ್ಟಿಯ ಹಿಂದೆ ಹಿಡಿದಳು. ಅಳಿಯ ಟಾರ್ಚು ಹಿಡಿದ.

ಕನ್ನಡಿಯಲ್ಲಿ ಬೋಲ್ಟಿನ ತಲೆ ಕಂಡಿತು. ಪೂರ್ತಿ ಬಿಗಿಯಾಗಿ ಕೂತಿತ್ತು. ಅದರ ಮೇಲೆ ಕೆಂಪು ಚುಕ್ಕೆ. ಉಳಿದ ಎಂಟರಲ್ಲೂ ಅತ್ತೆಯ ಬೆರಳ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಇದರಲ್ಲಿ ಗೆರೆ ಇರಲಿಲ್ಲ. ನುಣ್ಣಗಿತ್ತು.

ಹೆಂಡತಿ ಕನ್ನಡಿ ಒರೆಸಿ ಮತ್ತೆ ಹಿಡಿದಳು. "ಏನು ಕಾಣ್ತಿದೆ? ಯಾರಾದ್ರೂ ಹೇಳಿ" ಎಂದರು ಅತ್ತೆ. ಮಗಳು ಅವರ ಕಿವಿಯಲ್ಲಿ ಹೇಳಿದಳು. ಅತ್ತೆ ಸೆರಗಿನಲ್ಲಿ ಬೆರಳಿನ ಕೆಂಪು ಒರೆಸಿಕೊಂಡು, "ಸರಿ, ಬೆಲ್ಟು ಹಾಕಿ, ಹೊತ್ತಾಯ್ತು" ಎಂದರು.

ಅಳಿಯ ಒಂದು ಕೊನೆಯ ಹುಲ್ಲುಕಡ್ಡಿ ಹಿಡಿದು ಬೀದಿ ಮೂಲೆಯ ಗ್ಯಾರೇಜಿಗೆ ಓಡಿದ. ಮೆಕ್ಯಾನಿಕ್ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. "ಮಧ್ಯಾಹ್ನ ನೀವೇನಾದ್ರೂ ನಮ್ಮ ಕಾರಿಗೆ ಒಂದು ಬೋಲ್ಟು..."

"ನಾನು ಆ ಕಡೆ ತಲೆ ಹಾಕಿಲ್ಲ" ಎಂದ ಅವನು. "ಹಾಕಿದ್ರೆ ಬಿಲ್ ಕಳಿಸ್ತಿರಲಿಲ್ವಾ? ಮೋಟು ಬೆರಳಿನವರ ಕಾರು ಅಂತ ಬಂದು ನೋಡಿದ್ದೆ ಅವತ್ತು. ನಾನು ಕೆಲಸ ಕಲಿತದ್ದು ಅವರ ಹತ್ರ. ನೀವು ಇಷ್ಟಕ್ಕೆ ಇಷ್ಟಾ ಅಂದ್ರಿ. ಬಿಟ್ಟೆ."

ಸೋಮವಾರ ಬೆಳಿಗ್ಗೆ ಹೊರಟರು. ಹೆಂಡತಿ ಓಡಿಸಿದಳು, ಪಕ್ಕದಲ್ಲಿ ಅತ್ತೆ, ಹಿಂದೆ ಅಳಿಯ ತೊಡೆಯ ಮೇಲೆ ನೀರಿನ ಕ್ಯಾನು ಇಟ್ಟುಕೊಂಡು. ಅವನು ದಾರಿಯುದ್ದಕ್ಕೂ ಉಷ್ಣತೆಯ ಮುಳ್ಳನ್ನೇ ನೋಡುತ್ತಿದ್ದ. ಮುಳ್ಳು ಮಿಸುಕಲಿಲ್ಲ. ಹೊಸ ಪಂಪಿಗೆ ಸದ್ದೇ ಇರಲಿಲ್ಲ. ಅತ್ತೆ ಎರಡು ಮೂರು ಸಲ ತಲೆ ವಾಲಿಸಿ ಆಲಿಸಿದರು, ಏನೂ ಕೇಳಿಸದೆ ಸೀಟಿಗೆ ಒರಗಿದರು.

ಆಸ್ಪತ್ರೆಯ ಗೇಟಿಗೆ ಹದಿನೈದು ನಿಮಿಷ ಮೊದಲೇ ಮುಟ್ಟಿದರು. ಅತ್ತೆ ಬಾಗಿಲ ಹಿಡಿಗೆ ಕೈ ಹಾಕಿದವರು ಹಾಗೇ ಕೂತು, ಎದುರಿನ ಗಾಜಿನ ಕಡೆ ಮುಖ ಮಾಡಿ ಕೇಳಿದರು.

"ಆ ಒಂಬತ್ತನೇದು ನೀವಾ?"

"ಹೂಂ."

ಮಗಳು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಅಳಿಯನ ಕ್ಯಾನಿನ ನೀರು ಅವನ ಪ್ಯಾಂಟಿನ ಮೇಲೆ ಚೆಲ್ಲಿತ್ತು. ಅದು ಕ್ಯಾನಿನದೇ ನೀರು ಎಂದು ಅವನು ಇವತ್ತಿಗೂ ಸಾಧಿಸುತ್ತಾನೆ.

ಆಪರೇಷನ್ ಸರಿಯಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆಯ ಕಣ್ಣಿಗೆ ಮೊದಲು ಬಿದ್ದವನು ಅಳಿಯ. ಅವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅವರು ಹೇಳಿದ್ದು ಸರಿ. ದಪ್ಪ ಆಗಿದ್ದೀರಿ" ಎಂದರು. ಆಮೇಲೆ ಅಂಗೈ ಚಾಚಿದರು. ಅಳಿಯ ಎಂಟು ಬೋಲ್ಟಿನ ದುಪ್ಪಟ್ಟು ಕೂಲಿಯನ್ನು ಅಲ್ಲೇ ಕೊಟ್ಟ.

ಉಳಿದದ್ದು ಒಂಬತ್ತನೆಯದು. ಅದರ ಕೂಲಿಯನ್ನೂ ಒಂದು ಲಕೋಟೆಗೆ ಹಾಕಿ ಕಾರಿನ ಮುಂದಿನ ಖಾನೆಯಲ್ಲಿಟ್ಟು, ಇಂಜಿನ್ ಶುರು ಮಾಡಿ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದ. "ಸಾಕಾ ಮಾವ?"

"ಊಹೂಂ."

ಇನ್ನಷ್ಟು ಹಾಕಿದ. ಊಹೂಂ. ಮತ್ತಷ್ಟು. ಊಹೂಂ. ಮೆಕ್ಯಾನಿಕ್ ಬಂದು ಕಡ್ಡಿ ಇಟ್ಟು ಆಲಿಸಿ, "ಪಂಪು ಚೆನ್ನಾಗಿದೆ. ಬೆಲ್ಟು ಒಂದು ಚೂರು ಸಡಿಲ ಇರಬಹುದು, ಬಿಗಿ ಮಾಡ್ಲಾ?" ಎಂದ. ಅಳಿಯ ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಿನಿಂದ "ಊಹೂಂ" ಎಂದರು.

ಅವನು ಹೋದ ಮೇಲೆ ಅತ್ತೆ ಅಳಿಯನಿಗೆ ಹೇಳಿದರು. "ಈ ಬೀದಿ ಕೆಲಸಕ್ಕೆ ಅವರು ಯಾವತ್ತು ದುಡ್ಡು ಮುಟ್ಟಿದ್ದಾರೆ? ಲಕೋಟೆ ತೆಗೀರಿ. ನೀವು ಕೊಡಬೇಕಾದ್ದು ಬೇರೆ ಇದೆ. ಒಂಬತ್ತು ಬೋಲ್ಟು, ಒಂದು ಬೆಲ್ಟು, ಇಷ್ಟಕ್ಕೆ ಇಷ್ಟಾ ಅಂದ್ರಲ್ಲ, ಆ ಹುಡುಗನ ಮುಂದೆ ನಿಂತು ಆ ಮಾತು ವಾಪಸ್ ತಗೊಳ್ಳಿ. ಒಂಬತ್ತನೇ ಬೋಲ್ಟಿನ ಕೂಲಿ ಅದು."

ಅಳಿಯ ಮೂರು ಸಲ ಗ್ಯಾರೇಜಿನವರೆಗೆ ಹೋಗಿದ್ದಾನೆ. ಒಂದು ಸಲ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದ. ಒಂದು ಸಲ ಹವಾಮಾನ ಮಾತಾಡಿ ಬಂದ. ಮೂರನೆಯ ಸಲ "ನೀವು ಅವತ್ತು ಕೇಳಿದ ಕೂಲಿ..." ಎಂದು ಶುರು ಮಾಡಿ ಕೆಮ್ಮಿ ನಿಲ್ಲಿಸಿದ. ಕಾರು ದಿನಾ ಬೆಳಿಗ್ಗೆ ಅವನನ್ನು ಕಂಡರೆ ಊಹೂಂ ಅನ್ನುತ್ತಿದೆ. ಹೆಂಡತಿಗೆ ಅನ್ನುವುದಿಲ್ಲ, ಅತ್ತೆಗೆ ಅನ್ನುವುದಿಲ್ಲ.

ಅವನ ಕಥೆ ಹಾಗಿರಲಿ. ಗ್ರೀಸು ಮೆತ್ತಿದ ಕೈಯ ಮುಂದೆ, ಚರಂಡಿಯಿಂದ ಎದ್ದು ಬಂದವನ ಮುಂದೆ, ಮೂವತ್ತು ವರ್ಷ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತವಳ ಮುಂದೆ "ಇಷ್ಟಕ್ಕೆ ಇಷ್ಟಾ" ಎಂದವರಲ್ಲಿ ನೀವೂ ಇದ್ದೀರಿ. ಯಾರ ಮುಂದೆ ಅಂದಿರಿ ಎಂಬುದು ನಿಮಗೆ ಈಗಾಗಲೇ ನೆನಪಾಗಿದೆ. ಈ ಪುಸ್ತಕ ಮಡಿಸಿಡಿ. ಎದ್ದು ಹೋಗಿ, ಅವರ ಮುಂದೆ ನಿಂತು, ಆ ಮಾತು ವಾಪಸ್ ತೆಗೆದುಕೊಳ್ಳಿ, ಕೂಲಿ ಬಾಕಿಯಿದ್ದರೆ ಕೊಟ್ಟು ಬನ್ನಿ. ಹೋಗುತ್ತೀರಾ?

ಹೂಂ ಅನ್ನಿ.